ಒಂದೇ ಒಂದು ಸ್ಕ್ರೂ ಕೊಡಿ ಸ್ವಾಮಿ!

ಮೊನ್ನೆ ಗೆಳೆಯನೊಬ್ಬನ ಜೊತೆ ಜಗಳ ಆಯ್ತು. ಹದಿನೆಂಟು ವರ್ಷದ ಗೆಳೆತನ, ಜಗಳ ಆಗಿದ್ದು ಆರು ಬೈಟಿಗೆ! ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡೀತಾ ಶುರುವಾಗಿದ್ದು, ಲೋಟ ಖಾಲಿಯಾದ ಮೇಲೂ ಫುಟ್‌ಪಾತಿನಲ್ಲಿ ನಿಂತು ಮುಕ್ಕಾಲು ಗಂಟೆ ನಡೀತು. ಕೊನೆಗೆ ಅವನು, "ನೀನು ಮಾಡಿದ್ದು ತಪ್ಪು. ಅದನ್ನ ನಾಲ್ಕು ಜನಕ್ಕೆ ಹೇಳ್ಕೊಂಡು ತಿರುಗೋದು ಇನ್ನೂ ದೊಡ್ಡ ತಪ್ಪು" ಅಂದು ಸ್ಕೂಟರ್ ಹತ್ತಿ ಹೊರಟುಹೋದ.

ಸರಿ, ನಾಲ್ಕು ಜನಕ್ಕೆ ಹೇಳೇಬಿಡೋಣ ಅಂತ ಇಲ್ಲಿ ಬರೀತಿದ್ದೀನಿ :-)

ನನ್ನ ಚಿಕ್ಕಪ್ಪ ಮನೆಯ ಮುಂದಿನ ಕೋಣೆಯಲ್ಲಿ ಕೂತು ಡಿಟಿಪಿ ಮಾಡ್ತಾರೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಸಣ್ಣ ಪ್ರಕಾಶಕರ ಕವನ ಸಂಕಲನ, ಒಂದೆರಡು ಸಂಘಗಳ ಮಾಸಪತ್ರಿಕೆ. ಕೆಲಸ ಎಲ್ಲಾ ಪೇಜ್‌ಮೇಕರ್ 7ರಲ್ಲಿ. ಅದು ಹೊರಬಂದಿದ್ದು 2001ರಲ್ಲಿ, ಅದಕ್ಕೆ ಆಮೇಲೆ ತಮ್ಮ ಹುಟ್ಟಲೇ ಇಲ್ಲ. ಅಕ್ಷರಗಳು ಯೂನಿಕೋಡ್ ಅಲ್ಲದ ಹಳೇ ಫಾಂಟಿನವು. ಆ ಫಾಂಟು ತಂತ್ರಾಂಶ ಆ ಒಂದು ಲ್ಯಾಪ್‌ಟಾಪಿಗೆ ನೋಂದಣಿಯಾಗಿ ಕೂತಿದೆ. ಮಾರಿದವರು ಅಂಗಡಿ ಮುಚ್ಚಿದ್ದಾರೆ. ಹಾರ್ಡ್ ಡಿಸ್ಕ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿ ನೋಡಿದೆ, ಹೊಸ ನೋಂದಣಿ ಸಂಖ್ಯೆ ಕೊಡು ಅಂತು. ಯಾರನ್ನ ಕೇಳೋದು?

ಅಂಥ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಹೋಯ್ತು. ಪರದೆ ಮೊದಲು ಗೆರೆಗೆರೆಯಾಯ್ತು, ಆಮೇಲೆ ರಂಗೋಲಿಯಾಯ್ತು, ಕೊನೆಗೆ ಅಮಾವಾಸ್ಯೆ. ಮಿಕ್ಕಿದ್ದೆಲ್ಲಾ ಗಟ್ಟಿಮುಟ್ಟಾಗಿತ್ತು, ಫ್ಯಾನು ಗುಂಯ್ ಅಂತ ತಿರುಗ್ತಿತ್ತು. ಪ್ರೊಸೆಸರಿನ ಒಳಗೂ ಗ್ರಾಫಿಕ್ಸ್ ಇದೆ, ಆದ್ರೆ ಆ ಮಾಡೆಲ್ಲಿನಲ್ಲಿ ಅಲ್ಲಿಂದ ಪರದೆಗೆ ದಾರಿಯನ್ನೇ ಮಾಡಿಲ್ಲ. ಕಾರ್ಡ್ ಇಲ್ಲದಿದ್ರೆ ಕತ್ತಲೆ.

ಕಂಪನಿ ಯಾವುದು ಅಂತ ಕೇಳಬೇಡಿ, ಹೇಳಲ್ಲ. ಸರ್ವೀಸ್ ಸೆಂಟರಿನ ಹುಡುಗ ಮರ್ಯಾದೆಯಾಗೇ ಮಾತಾಡ್ದ. "ಇದು ಎಂಡ್ ಆಫ್ ಲೈಫ್ ಸರ್, ಪಾರ್ಟ್ ಬರಲ್ಲ. ಎಕ್ಸ್‌ಚೇಂಜ್ ಆಫರ್ ಇದೆ, ನೋಡ್ತೀರಾ?"

ಚಿಕ್ಕಪ್ಪ ನನ್ನ ಮುಖ ನೋಡಿದ್ರು. "ಏನೋ, ಅಷ್ಟೇನಾ?" ಅಂದ್ರು. ಮುಂದಿನ ವಾರ ಒಂದು ಮದುವೆ ಕಾರ್ಡು, ಒಂದು ನೂರಿಪ್ಪತ್ತು ಪುಟದ ಪುಸ್ತಕ ಕೊಡಬೇಕಿತ್ತು ಅವರು.

ಆ ಲ್ಯಾಪ್‌ಟಾಪಿನಲ್ಲಿ ಕಾರ್ಡು ಬೋರ್ಡಿಗೆ ಬೆಸುಗೆ ಹಾಕಿದ್ದಲ್ಲ. ಎಂಎಕ್ಸ್‌ಎಂ ಅನ್ನೋ ಸ್ಲಾಟಿನಲ್ಲಿ ಕೂತಿರೋದು, ಸ್ಕ್ರೂ ಬಿಚ್ಚಿದ್ರೆ ಕೈಗೆ ಬರುತ್ತೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡೂ ಬದಲಾಯಿಸೋ ಹಾಗಿರಲಿ ಅಂತ ಎನ್ವಿಡಿಯಾ 2004ರಲ್ಲಿ ತಂದ ಮಾದರಿ ಅದು. ಜಯನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ. ಎಸ್ಪಿ ರೋಡಿನಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಬೇರೆ ಕಂಪನಿಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಒಂದು ಕ್ವಾಡ್ರೋ ಕೆ1100ಎಂ ಸಿಕ್ತು. ಹಳೇ ಕಾರ್ಡು ಎಳೆಯೋದು 45 ವ್ಯಾಟ್, ಇದೂ 45 ವ್ಯಾಟ್. ಸ್ಲಾಟು ಒಂದೇ, ಅಳತೆ ಒಂದೇ, ಶಾಖ ಹೀರೋ ತಾಮ್ರದ ಪಟ್ಟಿ ಕೂರೋ ಜಾಗವೂ ಒಂದೇ. ಹಳೆಯದಕ್ಕಿಂತ ಎರಡು ವರ್ಷ ಎಳೆಯದು, ಚುರುಕು ಬೇರೆ. ಹಾಕಿ ಬಟನ್ ಒತ್ತಿದೆ.

ಪರದೆ ಬೆಳಗಿತು! ಒಂದು ಸಾಲು ಮೂಡಿತು. ಈ ಯಂತ್ರಕ್ಕೆ ಮಾನ್ಯತೆ ಇಲ್ಲದ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀರಿ, ಆರಿಸಿ ಅದನ್ನು ತೆಗೆಯಿರಿ ಅನ್ನೋ ಅರ್ಥದ ಸಾಲು. ಅಲ್ಲಿಗೆ ನಿಂತುಬಿಡ್ತು.

ಸ್ವಲ್ಪ ಯೋಚನೆ ಮಾಡಿ ನೋಡಿ. ಆ ಸಾಲನ್ನ ಪರದೆಯ ಮೇಲೆ ಬರೆದಿದ್ದು ಯಾರು? ಅದೇ ಕಾರ್ಡು! ಈ ಕಾರ್ಡು ಇಲ್ಲಿ ಕೆಲಸ ಮಾಡಲ್ಲ ಅಂತ ಆ ಕಾರ್ಡಿನ ಕೈಲೇ ಬರೆಸಿದ್ರು. ಅಡುಗೆಯವನ ಕೈಲಿ ಹಬ್ಬದಡುಗೆ ಮಾಡಿಸಿ, ಅದನ್ನ ಉಂಡು, ಇವನಿಗೆ ಅಡುಗೆ ಬರಲ್ಲ ಅಂತ ಅವನ ಕೈಲೇ ಬೋರ್ಡ್ ಬರೆಸಿದ ಹಾಗೆ.

ಆಗಿದ್ದು ಇಷ್ಟು. ಬಟನ್ ಒತ್ತಿದ ಕೂಡಲೇ, ವಿಂಡೋಸ್ ಕಣ್ಣು ಬಿಡೋಕೆ ಮುಂಚೆ ಓಡೋ ತಂತ್ರಾಂಶ ಒಂದಿದೆಯಲ್ಲ, ನಾವು ಬಯಾಸ್ ಅಂತೀವಿ. ಮದರ್‌ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಪುಟಾಣಿ ಚಿಪ್ಪಿನಲ್ಲಿ ಅದು ಇರುತ್ತೆ. ಇನ್ನು ಪ್ರತಿ ಕಾರ್ಡಿಗೂ ಒಂದು ಜಾತಕ ಇರುತ್ತೆ. ಚಿಪ್ಪು ಮಾಡಿದವರ ಸಂಖ್ಯೆ, ಚಿಪ್ಪಿನ ಸಂಖ್ಯೆ, ಆಮೇಲೆ ಕಾರ್ಡಿನ ಮೇಲೆ ತನ್ನ ಮುದ್ರೆ ಒತ್ತಿದ ಕಂಪನಿಯ ಸಂಖ್ಯೆ, ಆ ಕಂಪನಿಯ ಮಾಡೆಲ್ ಸಂಖ್ಯೆ. ಎನ್ವಿಡಿಯಾ ಅಂದ್ರೆ 10ಡಿಇ, ಇಂಟೆಲ್ ಅಂದ್ರೆ 8086 (ಹಳೇ ಪ್ರೊಸೆಸರ್ ನೆನಪಾಯ್ತಾ?). ಬಯಾಸಿನ ಒಳಗೆ ಒಂದು ಪಟ್ಟಿ ಇಟ್ಟಿದ್ದಾರೆ. ಜಾತಕ ಪಟ್ಟಿಯಲ್ಲಿದ್ರೆ ಒಳಗೆ ಬಾ, ಇಲ್ಲದಿದ್ರೆ ಹೊರಗೆ ನಡಿ. ಶಾಖ ಎಷ್ಟು, ಕರೆಂಟು ಎಷ್ಟು, ಕೆಲಸ ಬರುತ್ತಾ ಅಂತ ಯಾರೂ ಅಳೆಯಲಿಲ್ಲ. ಹುಟ್ಟು ಯಾವ ಮನೆಯದು ಅಂತ ಮಾತ್ರ ನೋಡಿದ್ರು. ನಮ್ಮೂರಲ್ಲಿ ಇದಕ್ಕೊಂದು ಹಳೇ ಹೆಸರಿದೆ, ಪಂಕ್ತಿಭೇದ.

ನಾನು ಏನು ಮಾಡಿದೆ? ಎಸ್ಪಿ ರೋಡಿಗೇ ವಾಪಸ್ ಹೋಗಿ ಸಿಎಚ್341ಎ ಅನ್ನೋ ಪುಟ್ಟ ಪ್ರೋಗ್ರಾಮರ್ ತಂದೆ. ಜೊತೆಗೆ ಎಂಟು ಕಾಲನ್ನೂ ಕಚ್ಚಿ ಹಿಡಿಯೋ ಕ್ಲಿಪ್ಪು. ಇದರ ಕಪ್ಪು ಬೋರ್ಡಿನ ಮಾದರಿಗೆ ಒಂದು ಕೆಟ್ಟ ಚಾಳಿ ಇದೆ. 3.3 ವೋಲ್ಟಿನ ಚಿಪ್ಪಿಗೆ ದತ್ತಾಂಶದ ತಂತಿಯಲ್ಲಿ 5 ವೋಲ್ಟ್ ನುಗ್ಗಿಸುತ್ತೆ. ಅದನ್ನ ಸರಿ ಮಾಡಿಕೊಂಡೇ ಮುಂದಿನ ಕೆಲಸ ಹಿಡಿಯಬೇಕು. ಚಿಪ್ಪಿನಲ್ಲಿದ್ದದ್ದನ್ನ ಎರಡು ಸಲ ಓದಿಸಿ, ಎರಡೂ ಒಂದೇ ಅಂತ ಖಾತ್ರಿ ಮಾಡಿಕೊಂಡು, ಮೂರು ಕಡೆ ಎತ್ತಿಟ್ಟೆ. ಪಟ್ಟಿ ಹುಡುಕಿದೆ. ಸತ್ತ ಕಾರ್ಡಿನ ಜಾತಕದ ಜಾಗದಲ್ಲಿ ಹೊಸ ಕಾರ್ಡಿನದ್ದು ಬರೆದೆ, ಚೆಕ್‌ಸಮ್ ಹೊಂದಿಸಿದೆ. ಬದಲಾದದ್ದು ಆರು ಬೈಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ ಮೂರು ಬೈಟು ಅಂತ ನಿಮಗೆ ಗೊತ್ತಿದೆ. "ಹಠ" ಅಂತ ಕುಟ್ಟಿದ್ರೆ ಸರಿಯಾಗಿ ಆರು ಬೈಟು. ನಾನು ತಿದ್ದಿದ್ದು ಅಷ್ಟೇ :-)

ಮೊದಲ ಸಲ ಬರೆಯೋವಾಗ ಕ್ಲಿಪ್ಪು ಜಾರಿತು. ಯಂತ್ರ ಪೂರ್ತಿ ಮೂಕಾಯ್ತು. ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು, ಸುಳ್ಳು ಹೇಳಲ್ಲ. ಎತ್ತಿಟ್ಟ ಪ್ರತಿ ಇತ್ತು, ಮತ್ತೆ ಕಚ್ಚಿಸಿ ಮತ್ತೆ ಬರೆದೆ. ಎರಡನೇ ಸಲ ಯಂತ್ರ ಕಣ್ಣು ಬಿಡ್ತು. ವಿಂಡೋಸಿನಲ್ಲಿ ಎನ್ವಿಡಿಯಾ ಡ್ರೈವರಿನ ಪಟ್ಟಿಯಲ್ಲೂ ಈ ಜೋಡಿ ಇರಲಿಲ್ಲ, ಅಲ್ಲೂ ಒಂದು ಸಾಲು ಸೇರಿಸಬೇಕಾಯ್ತು. ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡೋ ಗುಂಡಿ ಇವತ್ತಿಗೂ ಕೆಲಸ ಮಾಡಲ್ಲ. ಮದುವೆ ಕಾರ್ಡು ಹೋಯ್ತು, ಪುಸ್ತಕವೂ ಹೋಯ್ತು.

ಈಗ ಗೆಳೆಯನ ವಾದಕ್ಕೆ ಬರೋಣ. ಅವನು ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಇಂಥದ್ದೇ ಫರ್ಮ್‌ವೇರ್ ಬರೆಯೋನು. ದಡ್ಡನಲ್ಲ. ಅವನು ಹೇಳಿದ್ದು ನಾಲ್ಕು ಮಾತು.

ಒಂದನೇದು, ಸುರಕ್ಷತೆ. ಬೇರೆ ಕಾರ್ಡು ಹೆಚ್ಚು ಕಾದು ಬೆಂಕಿ ಹತ್ತಿದ್ರೆ ಯಾರು ಹೊಣೆ? ಒಳ್ಳೇ ಪ್ರಶ್ನೆ. ಹಾಗಿದ್ರೆ ಶಾಖ ಅಳೆಯಿರಿ, ಕರೆಂಟು ಅಳೆಯಿರಿ. ಅದಕ್ಕೆ ಬೇಕಾದ ಸಂವೇದಕಗಳು ಆ ಬೋರ್ಡಿನಲ್ಲೇ ಇವೆ. ಮಿತಿ ಮೀರಿದ್ರೆ ಆರಿಸಿ, ನಾನು ಬೇಡ ಅನ್ನಲ್ಲ. ವೈಫೈ ಕಾರ್ಡುಗಳಿಗೂ ಇಂಥ ಪಟ್ಟಿಗಳಿದ್ದವು. ಹಳೇ ಥಿಂಕ್‌ಪ್ಯಾಡ್‌ಗಳಲ್ಲಿ 1802 ಅನ್ನೋ ದೋಷಸಂಖ್ಯೆ, ಎಚ್‌ಪಿಯಲ್ಲಿ 104. ಕಂಡೋರಿಗೆ ಗೊತ್ತು ಆ ಸಂಕಟ. ಅಲ್ಲಿ ಕಾರ್ಡು, ಆಂಟೆನಾ ಎರಡಕ್ಕೂ ಸೇರಿಸಿ ರೇಡಿಯೋ ಪರವಾನಗಿ ಪಡೆದಿದ್ದೀವಿ ಅಂತ ಹೇಳೋಕೆ ಒಂದು ನೆಪವಾದ್ರೂ ಇತ್ತು. ಗ್ರಾಫಿಕ್ಸ್ ಕಾರ್ಡಿಗೆ ಯಾವ ಆಂಟೆನಾ ಸ್ವಾಮಿ?

ಎರಡನೇದು, ಭದ್ರತೆ. ಬಯಾಸನ್ನ ಯಾರು ಬೇಕಾದ್ರೂ ತಿದ್ದೋ ಹಾಗಿದ್ರೆ ಕಳ್ಳರೂ ತಿದ್ದುತ್ತಾರೆ. ಇದನ್ನ ನಾನು ಒಪ್ಪಿದೆ, ಈಗಲೂ ಒಪ್ತೀನಿ. 2018ರಲ್ಲಿ ಇಸೆಟ್ ಸಂಸ್ಥೆ ಲೋಜ್ಯಾಕ್ಸ್ ಅನ್ನೋದನ್ನ ಬಯಲಿಗೆ ತಂತು. ನೇರ ಆ ಎಂಟು ಕಾಲಿನ ಚಿಪ್ಪಿಗೇ ಹೋಗಿ ಕೂರೋ ಕೇಡಿ ತಂತ್ರಾಂಶ ಅದು. ವಿಂಡೋಸ್ ಅಳಿಸಿ ಮತ್ತೆ ಹಾಕಿದ್ರೂ ಹೋಗಲ್ಲ, ಹಾರ್ಡ್ ಡಿಸ್ಕ್ ಬದಲಾಯಿಸಿದ್ರೂ ಹೋಗಲ್ಲ. ಆದ್ದರಿಂದ ಬೀಗ ಬೇಕು. ನನ್ನ ತಕರಾರು ಬೀಗದ ಮೇಲಲ್ಲ, ಬೀಗದಕೈ ಯಾರ ಹತ್ರ ಅನ್ನೋದರ ಮೇಲೆ. ಮನೆ ಕಟ್ಟಿಸಿಕೊಟ್ಟ ಮೇಸ್ತ್ರಿ, ಕಳ್ಳರ ಕಾಟ ಜಾಸ್ತಿ ಅಂತ ಹೇಳಿ ಬೀಗದಕೈ ತನ್ನ ಜೇಬಿಗೆ ಹಾಕಿಕೊಂಡು ಹೋದ್ರೆ ನೀವು ಸುಮ್ನಿರ್ತೀರಾ?

ಇದಕ್ಕೆ ಪರಿಹಾರ ಇಲ್ಲ ಅಂತಲೂ ಅಲ್ಲ. ಮೊದಮೊದಲ ವರ್ಷಗಳ ಕ್ರೋಮ್‌ಬುಕ್‌ಗಳ ಬೋರ್ಡಿನ ಮೇಲೆ ಒಂದು ಸ್ಕ್ರೂ ಇರ್ತಿತ್ತು. ಅದು ಇರೋವರೆಗೆ ಫರ್ಮ್‌ವೇರಿನ ಮುಖ್ಯ ಭಾಗವನ್ನ ಯಾವ ತಂತ್ರಾಂಶವೂ ಮುಟ್ಟೋ ಹಾಗಿಲ್ಲ. ಮಾಲೀಕ ತಳ ಬಿಚ್ಚಿ, ಆ ಸ್ಕ್ರೂ ತೆಗೆದ್ರೆ ತನಗೆ ಬೇಕಾದ್ದು ಬರೆದುಕೊಳ್ಳಬಹುದು. ದೂರದಲ್ಲಿ ಕೂತ ಕಳ್ಳ ಜಾಲದ ಮೂಲಕ ಬಂದು ಸ್ಕ್ರೂ ಬಿಚ್ಚೋಕೆ ಆಗಲ್ಲ, ಮನೆಯವನು ಬಿಚ್ಚಬಹುದು. ಭದ್ರತೆಯೂ ಆಯ್ತು, ಯಜಮಾನಿಕೆಯೂ ಉಳೀತು. ಗೆಳೆಯ ಇದಕ್ಕೆ ಏನಂದ ಗೊತ್ತಾ? "ಅದು ಬೇರೆ ವಿಷಯ." ಹೇಗೆ ಬೇರೆ ಅಂತ ಹೇಳಲೇ ಇಲ್ಲ.

ಚಿಕ್ಕಪ್ಪನ ಯಂತ್ರ ಹಳೆಯದಾಗಿದ್ದು ಅವರ ಪುಣ್ಯ. 2013ರಲ್ಲಿ ಇಂಟೆಲ್ ಬೂಟ್ ಗಾರ್ಡ್ ತಂತು. ಕಂಪನಿ ಅದನ್ನ ಬಳಸಿದ್ರೆ ಅದರ ಕೀಲಿಯ ಗುರುತನ್ನ ಚಿಪ್‌ಸೆಟ್ಟಿನ ಫ್ಯೂಸುಗಳಲ್ಲೇ ಸುಟ್ಟು ಬರೆದಿರ್ತಾರೆ, ಮತ್ತೆ ಅಳಿಸೋಕಾಗಲ್ಲ. ಅಂಥ ಯಂತ್ರದಲ್ಲಿ ರಕ್ಷಣೆಯ ಒಳಗಿರೋ ಭಾಗದಲ್ಲಿ ಒಂದೇ ಒಂದು ಬೈಟು ತಿದ್ದಿದ್ರೂ ಯಂತ್ರ ಏಳದ ಹಾಗೆ ಮಾಡಿಡಬಹುದು. ಹಳೇ ಯಂತ್ರದಲ್ಲಿ ಬೀಗ ಹಾಕಿದ ಬಾಗಿಲಿತ್ತು, ಹೊಸದರಲ್ಲಿ ಬಾಗಿಲಿದ್ದ ಜಾಗದಲ್ಲಿ ಗೋಡೆ. ಮುಂದಿನ ಹತ್ತು ವರ್ಷದಲ್ಲಿ ಸಾಯೋ ಲ್ಯಾಪ್‌ಟಾಪುಗಳೆಲ್ಲಾ ಇಂಥ ಗೋಡೆಯ ಕಾಲದವು. ಅದಕ್ಕೇ ಈಗ ಕೂಗ್ತಿರೋದು.

ಮೂರನೇದು, ಕಾನೂನು. "ಅದು ಅವರ ಕೃತಿಸ್ವಾಮ್ಯದ ಕೋಡು, ತಿದ್ದೋಕೆ ನೀನ್ಯಾರು?" ನಾನು ವಕೀಲ ಅಲ್ಲ. ಆದ್ರೆ ಕಾಯಿದೆಯ ಪುಸ್ತಕ ಓದೋಕೆ ಬರುತ್ತೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಯಾವ್ಯಾವುದು ಉಲ್ಲಂಘನೆ ಅಲ್ಲ ಅಂತ ಪಟ್ಟಿ ಮಾಡಿದ್ದಾರೆ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನ ಕಾನೂನುಬದ್ಧವಾಗಿ ಹೊಂದಿರೋನು, ಅದನ್ನ ಯಾವ ಉದ್ದೇಶಕ್ಕೆ ಕೊಟ್ಟಿದ್ರೋ ಆ ಉದ್ದೇಶಕ್ಕೆ ಬಳಸಿಕೊಳ್ಳೋದಕ್ಕಾಗಿ ಪ್ರತಿ ಮಾಡಬಹುದು, ಮಾರ್ಪಾಡು ಮಾಡಬಹುದು ಅಂತ ಅಲ್ಲಿದೆ. ಬಯಾಸನ್ನ ಕೊಟ್ಟಿದ್ದು ಯಾವ ಉದ್ದೇಶಕ್ಕೆ? ಯಂತ್ರ ಎಬ್ಬಿಸೋಕೆ. ನಾನು ಮಾಡಿದ್ದೇನು? ಯಂತ್ರ ಎಬ್ಬಿಸಿದ್ದು. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ತಾಂತ್ರಿಕ ಬೀಗ ಮುರಿಯೋದನ್ನ ಅಪರಾಧ ಅನ್ನುತ್ತೆ ನಿಜ. ಆದ್ರೆ ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಮುರಿದ್ರೆ ಅಂತ ಅದರಲ್ಲೇ ಬರೆದಿದೆ. ನಾನು ಆ ಬಯಾಸನ್ನ ಯಾರಿಗೂ ಮಾರಿಲ್ಲ, ಹಂಚಿಲ್ಲ.

ಗ್ಯಾರೇಜಿನ ವಿಷಯದಲ್ಲಿ ಇದೇ ಜಗಳ ಆಗಲೇ ಆಗಿಹೋಗಿದೆ. ಬಿಡಿಭಾಗಗಳನ್ನ, ದೋಷ ಹುಡುಕೋ ಉಪಕರಣಗಳನ್ನ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಇಟ್ಟುಕೊಂಡಿದ್ದಾರೆ ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆಮೇಲೆ ಮೇಲ್ಮನವಿ, ಕೋರ್ಟು ಎಲ್ಲಾ ನಡೀತು, ಅದು ಬೇರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗೆ ಅಂತಲೇ ಸಮಿತಿ ಮಾಡ್ತು, ಅದೇ ಡಿಸೆಂಬರ್ 24ಕ್ಕೆ ಜಾಲತಾಣ ತೆರೀತು. ಕಂಪನಿಗಳು ತಮ್ಮ ಕೈಪಿಡಿ, ಬಿಡಿಭಾಗ, ಸರ್ವೀಸ್ ಸೆಂಟರಿನ ವಿವರ ಅಲ್ಲಿ ಕೊಡಬೇಕು ಅನ್ನೋದು ಆಶಯ. ಒಳ್ಳೇದೇ. ಆದ್ರೆ ಬಿಡಿಭಾಗ ಸಿಕ್ಕಿ, ಕೈಪಿಡಿ ಸಿಕ್ಕಿ, ಸ್ಕ್ರೂಡ್ರೈವರೂ ಸಿಕ್ಕಿದ ಮೇಲೆ ಬಯಾಸು "ನಡಿ ಹೊರಗೆ" ಅಂದ್ರೆ ಆ ಹಕ್ಕನ್ನ ಇಟ್ಟುಕೊಂಡು ಏನು ಮಾಡೋದು? ಫರ್ಮ್‌ವೇರಿನ ಪಟ್ಟಿಯ ಬಗ್ಗೆ ಮಾತಾಡದ ದುರಸ್ತಿಯ ಹಕ್ಕು ಊಟಕ್ಕೆ ಕರೆದು ಎಲೆ ಹಾಕದ ಹಾಗೆ.

ನಾಲ್ಕನೇದು, ಅವನ ಬ್ರಹ್ಮಾಸ್ತ್ರ. "ಇಷ್ಟೆಲ್ಲಾ ಯಾಕೆ? ಸುಮ್ನೆ ಹೊಸದು ತಗೋ."

ಇದನ್ನ ಕೇಳಿದಾಗಲೇ ನನಗೆ ಮೈ ಉರಿದಿದ್ದು. ಹೊಸದು ತಗೊಳ್ಳಬಹುದು. ಇಪ್ಪತ್ತು ವರ್ಷದ ಕಡತಗಳನ್ನ ಯಾರು ತೆರೀತಾರೆ? ಎಷ್ಟೋ ಸಣ್ಣ ಪ್ರಕಾಶಕರ ಪುಸ್ತಕದ ಮೂಲಪ್ರತಿ ಇರೋದು ಇಂಥ ಚಿಕ್ಕಪ್ಪಂದಿರ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಹಳೇ ಫಾಂಟಿನಿಂದ ಯೂನಿಕೋಡಿಗೆ ತರೋಕೂ ಒಮ್ಮೆ ಆ ಯಂತ್ರ ಏಳಬೇಕು. ಇನ್ನು ಇ-ತ್ಯಾಜ್ಯದ ನಿಯಮ 2011ರಲ್ಲಿ ಬಂತು, 2016ರಲ್ಲಿ ಬಂತು, 2022ರದ್ದು 2023ರ ಏಪ್ರಿಲ್ 1ರಿಂದ ಜಾರಿಯಾಯ್ತು. ಕಸ ಆದ ಮೇಲೆ ಏನು ಮಾಡಬೇಕು ಅಂತ ಇಷ್ಟು ನಿಯಮ ಬರೀತೀವಿ. ಆರು ಬೈಟಿನಿಂದ ಕಸ ಆಗದೆ ಉಳಿಯೋದನ್ನ ಮಾತ್ರ ತಪ್ಪು ಅಂತೀವಿ.

ಗೆಳೆಯನಿಗೆ ಇನ್ನೊಂದು ನೆನಪು ಮಾಡಿದೆ. ಐಬಿಎಂ ಪಿಸಿ ಬಂದಿದ್ದು 1981ರಲ್ಲಿ. ಅದನ್ನ ಬೇರೆಯವರು ಮಾಡದ ಹಾಗೆ ತಡೆದಿದ್ದು ಬಯಾಸು. ಕಾಂಪ್ಯಾಕ್ ಕಂಪನಿ ಐಬಿಎಂ ಕೋಡನ್ನ ನಕಲು ಮಾಡದೆ, ಅದೇ ಕೆಲಸ ಮಾಡೋ ಬಯಾಸನ್ನ ತಾನೇ ಬರೆದು 1982ರ ನವೆಂಬರಿನಲ್ಲಿ ತನ್ನ ಪಿಸಿ ಘೋಷಿಸ್ತು. 1984ರಲ್ಲಿ ಫೀನಿಕ್ಸ್ ಅಂಥ ಬಯಾಸನ್ನ ಯಾರಿಗೆ ಬೇಕೋ ಅವರಿಗೆ ಮಾರೋಕೆ ಶುರು ಮಾಡ್ತು. ನಿನ್ನ ಸಂಬಳ, ಎಸ್ಪಿ ರೋಡಿನ ಅಂಗಡಿ, ಚಿಕ್ಕಪ್ಪನ ಡಿಟಿಪಿ ಎಲ್ಲಾ ನಿಂತಿರೋದು ಐಬಿಎಂ ಮಾನ್ಯತೆ ಕೊಡದ ಆ ಬಯಾಸುಗಳ ಮೇಲೆ ಕಣೋ ಅಂದೆ.

ನಾಚಿಕೆ ಆಗೋದು ಇನ್ನೊಂದಕ್ಕೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನ ತೆರೆದಿದ್ದು ಇದೇ ಬೆಂಗಳೂರಿನಲ್ಲಿ. ಎನ್ವಿಡಿಯಾ, ಇಂಟೆಲ್ ಇಬ್ಬರೂ ಇಲ್ಲೇ ಇದ್ದಾರೆ. ಚಿಪ್ಪಿನ ವಿನ್ಯಾಸ ಇಲ್ಲಿ, ಅದನ್ನ ಎಬ್ಬಿಸೋ ಕೋಡು ಬರೆಯೋರು ಇಲ್ಲಿ. ಸಂಜೆ ಅದೇ ಜನ ಜಯನಗರದಲ್ಲಿ ಪಕ್ಕದ ಟೇಬಲ್ಲಿನಲ್ಲಿ ದೋಸೆ ತಿಂತಿರ್ತಾರೆ. ನಮ್ಮ ಮನೆ ಯಂತ್ರ ಏಳದಿದ್ರೆ ಮಾತ್ರ "ಎಕ್ಸ್‌ಚೇಂಜ್ ಆಫರ್ ಇದೆ ಸರ್."

ಕೊನೆಯದಾಗಿ, ಕನ್ನಡ ಬ್ಲಾಗಿಗರೇ, ಇದು ನಿಮಗೆ ಹೊಸ ಕಥೆ ಏನಲ್ಲ. ನೆನಪು ಮಾಡ್ಕೊಳ್ಳಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಆದ್ರೆ ಕನ್ನಡ ಸರಿಯಾಗಿ ಕಾಣಬೇಕಾದ್ರೆ ಪ್ರಾದೇಶಿಕ ಆಯ್ಕೆಗಳಲ್ಲಿ ಒಂದು ಟಿಕ್ ಹಾಕಿ, ಅದು ಕೇಳಿದಾಗ ಸಿಡಿ ತುರುಕಬೇಕಿತ್ತು. ಸೈಬರ್ ಕೆಫೆಯಲ್ಲಿ ನಾನು ಅದನ್ನ ಕೇಳಿದಾಗ ಮಾಲೀಕ "ಅದೆಲ್ಲಾ ಮುಟ್ಟಬೇಡಿ ಸರ್, ಸಿಸ್ಟಮ್ ಹಾಳಾಗುತ್ತೆ" ಅಂದಿದ್ದ. ನಾವು ಮುಟ್ಟಿದ್ವಿ. 1998ರಲ್ಲಿ ಶೇಷಾದ್ರಿವಾಸು 'ಬರಹ' ಮಾಡಿದ್ರು, ಯಾವ ಕಂಪನಿಯೂ ಅವರಿಗೆ ಮಾನ್ಯತೆಯ ಪಟ್ಟಿ ಕೊಟ್ಟಿರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನ ನಾವು ಇವತ್ತಿಗೂ ಕುಟ್ತಿದ್ದೀವಿ. ಪಟ್ಟಿಯಲ್ಲಿಲ್ಲ ಅಂದಾಗ ಸರಿ ಸ್ವಾಮಿ ಅಂತ ಎದ್ದು ಬಂದಿದ್ರೆ ಈ ಸಾಲುಗಳು ಕನ್ನಡದಲ್ಲಿ ಇರ್ತಿರಲಿಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಮೂರು.

ಯಂತ್ರ ಮಾರೋವಾಗಲೇ ಅದರಲ್ಲಿ ಇಂಥ ಪಟ್ಟಿ ಇದೆ ಅಂತ ಡಬ್ಬಿಯ ಮೇಲೆ ಬರೆಯಿರಿ. ಗೊತ್ತಿದ್ದು ಕೊಳ್ಳೋರು ಕೊಳ್ಳಲಿ.

ಪಾರ್ಟ್ ಬರಲ್ಲ ಅಂತ ನೀವು ಕೈ ತೊಳೆದುಕೊಳ್ಳೋ ದಿನ, ಆ ಪಟ್ಟಿಯನ್ನ ತೆಗೆದುಹಾಕಿದ ಒಂದು ಕೊನೆಯ ಫರ್ಮ್‌ವೇರ್ ಕೊಟ್ಟು ಹೋಗಿ.

ಮೂರನೇದು ಆ ಸ್ಕ್ರೂ. ತಳ ಬಿಚ್ಚಿದ ಮಾಲೀಕನ ಕೈಗೆ ಸಿಗೋ ಒಂದು ಸ್ಕ್ರೂ ಬೋರ್ಡಿನ ಮೇಲೆ ಇಡಿ. ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಅಂತ ಬೇಕಾದ್ರೆ ಕೆಂಪಕ್ಷರದಲ್ಲಿ ಬರೆಯಿರಿ. ಹೋಗಲಿ, ನಷ್ಟ ನಮ್ಮದು. ಯಂತ್ರವೂ ನಮ್ಮದೇ ಅಲ್ವಾ?

ಒಂದು ಎಚ್ಚರಿಕೆಯ ಮಾತೂ ಹೇಳಿಬಿಡ್ತೀನಿ. ಇದನ್ನ ಓದಿ ನಾಳೆಯೇ ಕ್ಲಿಪ್ಪು ಹಿಡ್ಕೊಂಡು ಚೆನ್ನಾಗಿರೋ ಯಂತ್ರದ ಮೇಲೆ ಬೀಳಬೇಡಿ. ಎತ್ತಿಟ್ಟ ಪ್ರತಿ ಇಲ್ಲದೆ ಒಂದು ಬೈಟನ್ನೂ ಮುಟ್ಟಬೇಡಿ. ನನ್ನ ಕ್ಲಿಪ್ಪು ಜಾರಿದಾಗ ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ರು. ನನ್ನ ಮುಖ ನೋಡಿ ಒಂದು ಮಾತೂ ಆಡದೆ ಒಳಗೆ ಹೋಗಿ ಕಾಫಿ ಮಾಡ್ಕೊಂಡು ಬಂದ್ರು. ಆ ಕಾಫಿ ಇನ್ನೊಮ್ಮೆ ಕುಡಿಯೋ ಧೈರ್ಯ ನನಗಂತೂ ಇಲ್ಲ.

ಲ್ಯಾಪ್‌ಟಾಪ್ ಈಗ ಓಡ್ತಿದೆ. ಹಳೇ ಕಡತಗಳನ್ನ ದಿನಕ್ಕೆ ಒಂದಿಷ್ಟು ಅಂತ ಯೂನಿಕೋಡಿಗೆ ತಿರುಗಿಸ್ತಾ ಇದ್ದೀವಿ. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿರುತ್ತೆ, ಚಿಕ್ಕಪ್ಪ ಒಂದೊಂದನ್ನೇ ಹುಡುಕಿ ಬೈದು ಸರಿ ಮಾಡ್ತಾರೆ. ಗೆಳೆಯ ಇನ್ನೂ ಫೋನ್ ಮಾಡಿಲ್ಲ. ಇದನ್ನ ಓದಿದ್ರೆ ಮಾಡ್ತಾನೆ, ಬೈಯೋಕಾದ್ರೂ. ಬಾರೋ, ಕಾಫಿ ನನ್ನದೇ ಲೆಕ್ಕ. ಸ್ಕ್ರೂ ವಿಷಯಕ್ಕೆ ಮಾತ್ರ ಉತ್ತರ ತಗೊಂಡು ಬಾ.

ನೀವೇನಂತೀರಿ?